ಕತ್ತಲ ಕೋಣೆಯಲ್ಲಿ ಮಯೂರಿಯ ಕಣ್ಣು

ಮಗುವಿಗೆ ದಡಾರ ಎದ್ದರೆ ನಾವು ಏನು ಮಾಡುತ್ತೇವೆ ಹೇಳಿ? ಕಿಟಕಿ ಮುಚ್ಚುತ್ತೇವೆ, ಬಾಗಿಲಿಗೆ ಬೇವಿನ ತಪ್ಪಲು ಸಿಗಿಸುತ್ತೇವೆ, ಪಥ್ಯ ಹಿಡಿಸುತ್ತೇವೆ. ಉಣಕಲ್ಲಿನ ಶೇವಂತೆವ್ವನೂ ಅದನ್ನೇ ಮಾಡಿದಳು. ಮೂರು ವರ್ಷದ ಮೊಮ್ಮಗಳು ಮಯೂರಿಗೆ ದಡಾರ ಇಳಿದು ಹದಿನೈದು ದಿನವಾದರೂ ಕಿಟಕಿಗೆ ಕಟ್ಟಿದ ಕೌದಿಯನ್ನು ಬಿಚ್ಚಿರಲಿಲ್ಲ. ಊಟ ಅಂದರೆ ಅನ್ನದ ಗಂಜಿ ಅಷ್ಟೇ. ಹಾಲಿಲ್ಲ, ತತ್ತಿ ಇಲ್ಲ, ಪಲ್ಲೆ ಇಲ್ಲ.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಶಮೀಮ ಬಂದಾಗ ಶೇವಂತೆವ್ವ ಬಾಗಿಲಿಗೆ ಅಡ್ಡ ನಿಂತಳು.

“ಯಾಕ ಬಂದಿ? ಯಾರ ಹೇಳಿ ಕಳಿಸ್ಯಾರ? ಭಾಗ್ಯಾ ಏನರ ಫೋನ್ ಮಾಡಿದ್ಲೇನು?”

ಸೊಸೆ ಭಾಗ್ಯಾ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. ಫೋನ್ ಮಾಡಿದ್ದು ಆಕೆಯೇ.

“ಯಾರರ ಕಳಿಸ್ಲಿ ಬಿಡ್ರಿ ಆಯಿ, ಕೂಸಿನ್ನ ಒಂದ್ ಸಲ ನೋಡಿ ಹೋಗ್ತೇನಿ.”

“ನಿನ್ನ ರಜಿಸ್ಟರ್ ತುಂಬಬೇಕು, ಅದಕ್ಕ ಬಂದಿ! ಹ್ವಾದ ಸಲಾನೂ ಅಂಗನವಾಡ್ಯಾಗ ಅದೇನೋ ಅರಿಶಿಣ ಬಣ್ಣದ ಎಣ್ಣಿ ಕುಡಸ್ತೇವಿ ಅಂದ್ರಿ. ನಾ ಹುಡುಗಿನ್ನ ಕಳಿಸಲೇ ಇಲ್ಲ. ಅದನ್ನ ಕುಡದ ಹುಡುಗ್ರು ವಾಂತಿ ಮಾಡೂದು ಮೊಬೈಲಿನ್ಯಾಗ ಬಂದಿತ್ತು.”

“ಒಬ್ಬಿಬ್ರಿಗೆ ಒಂದ್ ದಿನ ವಾಂತಿ, ತಲಿನೋವು ಬರಬಹುದ್ರಿ. ತಾನ ಕಡಿಮಿ ಆಗ್ತೈತಿ. ಈಗ ದಾರಿ ಬಿಡ್ರಿ.”

ಒಳಕೋಣೆಯಲ್ಲಿ ಮಬ್ಬು. ಶಮೀಮ ಕೈಯ ಬಳೆಯೊಂದನ್ನು ತೆಗೆದು ಮಯೂರಿಯ ಮುಂದೆ ನೆಲದ ಮೇಲಿಟ್ಟಳು.

“ಪುಟ್ಟಿ, ಬಳಿ ತೊಗೋ.”

ಮಗು ನೆಲ ತಡವಿತು. ಒಮ್ಮೆ ಚಾಪೆಯ ಅಂಚು ಸಿಕ್ಕಿತು, ಇನ್ನೊಮ್ಮೆ ಅಜ್ಜಿಯ ಕಾಲು.

“ನಿಶ್ಶಕ್ತಿ ಅದು,” ಶೇವಂತೆವ್ವ ರೇಗಿದಳು. “ಪರೀಕ್ಷಾ ಮಾಡಾಕ ಬಂದೀಯೇನು?”

“ಆಯಿ, ನಿಮಗ ಕಾಣತೈತೇನ್ರಿ ಬಳಿ?”

“ಕಾಣದ ಏನು? ಅಲ್ಲೇ ಐತಲ್ಲ, ಹಸರ ಬಳಿ…”

ಅಂದವಳು ಮೊಮ್ಮಗಳ ಕಡೆ ತಿರುಗಿದಳು. ಎಪ್ಪತ್ತರ ಕಣ್ಣಿಗೆ ಕಂಡದ್ದು ಮೂರರ ಕಣ್ಣಿಗೆ ಕಾಣಲಿಲ್ಲ.

ಶಮೀಮ ಕೌದಿಯನ್ನು ಸರಿಸಿದಳು. ಬೆಳಕು ಬಿದ್ದದ್ದೇ ಮಗು ಮುಖ ಮುಚ್ಚಿಕೊಂಡಿತು. ಮೆಲ್ಲಗೆ ರಮಿಸಿ ನೋಡಿದರೆ ಕಣ್ಣಿನ ಬಿಳಿಯ ಭಾಗದಲ್ಲಿ ಸೋಪಿನ ನೊರೆ ಒಣಗಿದಂಥ ಮಚ್ಚೆ. ಎಡಗಣ್ಣಿನ ಕಪ್ಪು ಭಾಗದ ಹೊಳಪೇ ಹೋಗಿತ್ತು.

“ಕಣ್ಣಾಗ ಏನರ ಹಾಕೀರೇನ್ರಿ?”

“ಅತ್ತಿ ದಿನಾ ಔಡಲೆಣ್ಣಿ ಬಿಡ್ತಾರ್ರಿ,” ಎಂದಳು ಭಾಗ್ಯಾ.

“ತಂಪಾಗ್ಲಿ ಅಂತ ಬಿಟ್ಟೇನಿ! ವಿಷ ಹಾಕೇನೇನು?”

“ನೀವು ಪ್ರೀತಿಲೇ ಹಾಕೀರಿ, ಆದ್ರ ಅದು ಔಷಧ ಅಲ್ರಿ. ಕಣ್ಣಿನ ಕರಿ ಭಾಗದ ಮ್ಯಾಲ ಗಾಜಿನಂಥ ತೆಳ್ಳನ ಪದರ ಇರ್ತೈತಿ, ಕಾರ್ನಿಯಾ ಅಂತಾರ. ಅದು ಹಸಿ ಇರಬೇಕಂದ್ರ ಮೈಯಾಗ ಎ ಜೀವಸತ್ವ ಇರಬೇಕು. ದಡಾರ ಅದನ್ನ ಖಾಲಿ ಮಾಡೇತಿ. ಬರೇ ಗಂಜಿಯಿಂದ ಅದು ತುಂಬಲಿಲ್ಲ. ಈಗ ಪದರ ಒಣಗಾಕತ್ತೇತಿ. ಇವತ್ತ ದವಾಖಾನಿಗೆ ಹೋಗದಿದ್ರ ಅದು ಹುಣ್ಣಾಗಿ ಕಣ್ಣ ಹೋಗಬಹುದು.”

“ಅಲ್ಲಿ ಏನ್ ಮಾಡ್ತಾರ?”

“ಎ ಜೀವಸತ್ವದ ಔಷಧ ಕುಡಸ್ತಾರ್ರಿ. ಅಂಗನವಾಡ್ಯಾಗಿನ ಆ ಅರಿಶಿಣ ಬಣ್ಣದ ಎಣ್ಣಿನೂ ಅದ ರಿ.”

“ಬ್ಯಾನಿ ಕಣ್ಣಿಗೆ, ಔಷಧ ಬಾಯಾಗ! ಕಾಲ ಮುರದ್ರ ಕೈಗೆ ಪಟ್ಟಿ ಕಟ್ತೀರೇನು?”

“ತಲಿನೋವಿನ ಗುಳಿಗಿ ನೀವ್ ಎಲ್ಲಿ ಹಾಕ್ಕೋತೀರಿ ಆಯಿ? ತಲಿ ಮ್ಯಾಲ ಇಟ್ಕೋತೀರೇನು?”

ಭಾಗ್ಯಾ ಸೆರಗಿನಲ್ಲಿ ನಗು ಮುಚ್ಚಿಕೊಂಡು ಮಗುವನ್ನು ಎತ್ತಿಕೊಂಡಳು. ಶೇವಂತೆವ್ವ ಚಪ್ಪಲಿ ಮೆಟ್ಟಿದಳು. “ನಾನೂ ಬರ್ತೇನಿ. ಏನ್ ಕೊಡ್ತಾರ, ನನ್ನ ಮುಂದ ಕೊಡಬೇಕು.”

ಆಟೋದಲ್ಲಿ ಸತ್ತೂರಿನ ದೊಡ್ಡ ದವಾಖಾನೆಗೆ ಹೋದರು. ಶೇವಂತೆವ್ವ ಔಷಧದ ಬಾಟಲಿ ಈಸಿಕೊಂಡು ಮೂಸಿ ನೋಡಿದಳು, ತಾರೀಖು ಓದಿಸಿ ಕೇಳಿದಳು. ಡಾಕ್ಟರು ಬೇಸರಪಡದೆ ಎಲ್ಲ ಹೇಳಿದರು. ಇವತ್ತೊಮ್ಮೆ, ನಾಳೆಯೊಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ ಕುಡಿಸಬೇಕು. ಎಡಗಣ್ಣಿನ ಪದರದಲ್ಲಿ ಆಗಲೇ ಸಣ್ಣ ಗಾಯವಾಗಿದೆ, ಅದಕ್ಕೆ ಮುಲಾಮು ಬೇರೆ. ಮಗುವನ್ನು ಅಲ್ಲಿಯೇ ಇರಿಸಿಕೊಂಡರು.

ಮೂರನೆಯ ದಿನ ಮುಸ್ಸಂಜೆ ವಾರ್ಡಿನಲ್ಲಿ ಕರೆಂಟು ಹೋಯಿತು. ಮಬ್ಬಿನಲ್ಲಿ ಯಾರಿಗೂ ಕಾಣುವುದಿಲ್ಲ ಅಂದುಕೊಂಡು ಶೇವಂತೆವ್ವ ಕಣ್ಣೊರೆಸಿಕೊಂಡಳು.

“ಆಯಿ, ಯಾಕ ಅಳಾಕತ್ತಿ?” ಮಂಚದ ಮೇಲಿಂದ ಮಯೂರಿ ಕೇಳಿದಳು.

ಇಂದು ಮಯೂರಿ ಅಂಗನವಾಡಿಗೆ ಹೋಗುತ್ತಾಳೆ. ಎಡಗಣ್ಣಿನಲ್ಲಿ ಎಳ್ಳುಕಾಳಿನಷ್ಟು ಬಿಳಿ ಕಲೆ ಉಳಿದಿದೆ. ಒಂದು ವಾರ ಮೊದಲೇ ಹೋಗಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ.

ಅಕ್ಕಂದಿರೇ, ಅಣ್ಣಂದಿರೇ, ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಮಕ್ಕಳಿಗೆ ಎ ಜೀವಸತ್ವ ಕುಡಿಸಿ. ದಡಾರದ ಲಸಿಕೆ ತಪ್ಪಿಸಬೇಡಿ. ದಡಾರ ಬಂದರೆ ಪಥ್ಯದ ಹೆಸರಲ್ಲಿ ಹಾಲು, ತತ್ತಿ, ಸೊಪ್ಪು, ಗಜ್ಜರಿ ನಿಲ್ಲಿಸಬೇಡಿ. ಕಣ್ಣಿಗೆ ಎಣ್ಣೆ, ಮನೆಮದ್ದು ಬಿಡಬೇಡಿ. ಎ ಜೀವಸತ್ವವನ್ನು ನೀವೇ ಅಂಗಡಿಯಿಂದ ತಂದು ಹೆಚ್ಚು ಕುಡಿಸುವುದೂ ಅಪಾಯ. ಮಬ್ಬಿನಲ್ಲಿ ಮಗು ತಡವರಿಸಿದರೆ ನಿಶ್ಶಕ್ತಿ ಅಂದುಕೊಳ್ಳಬೇಡಿ. ಸಂಶಯವಿದ್ದರೆ ಇರಲಿ. ಶೇವಂತೆವ್ವನ ಹಾಗೆ ದವಾಖಾನೆಗೆ ಜೊತೆಗೇ ಹೋಗಿ, ಬಾಟಲಿ ಕೈಯಲ್ಲಿ ಹಿಡಿದು ನೂರು ಪ್ರಶ್ನೆ ಕೇಳಿ. ಆದರೆ ಇವತ್ತೇ ಹೋಗಿ.