ಅಳಿಸದೆ ಹೋದ ಜಾಗ

ವಿಡಿಯೊಗಳನ್ನು ಜನರ ಪರದೆಗೆ ತಲುಪಿಸುವ ಆ ಕಂಪನಿಯಲ್ಲಿ ಅವಳ ಕೆಲಸ ಮೆಟಾಡೇಟಾ ನೋಡಿಕೊಳ್ಳುವುದು. ಅಂದರೆ ಚಿತ್ರದ ಜೊತೆ ಕಣ್ಣಿಗೆ ಕಾಣದೆ ಸಾಗುವ ವಿವರ: ತೆಗೆದ ದಿನ, ಫೋನು, ಜಾಗ. ಜಾಗವನ್ನು ಮಾತ್ರ ಅಳಿಸಿಯೇ ಮುಂದೆ ಬಿಡಬೇಕು. ಅದಕ್ಕೆ ಪ್ರೋಗ್ರಾಂ ಬರೆದವಳೂ ಅವಳೇ.

ಮಧ್ಯಾಹ್ನ ಇನ್ಯಾವುದೋ ದೂರು ಪರಿಶೀಲಿಸುವಾಗ ಗೊತ್ತಾಯಿತು, ಪ್ರೋಗ್ರಾಂನ ಹೊಸ ಆವೃತ್ತಿ ಬಂದಾಗಿನಿಂದ ಜಾಗ ಅಳಿಯುತ್ತಲೇ ಇಲ್ಲ. ಒಂಬತ್ತು ದಿನ!

ಅಕ್ಕ ಮೊನ್ನೆಯಷ್ಟೇ ಹಾಕಿದ್ದ ಹೊಲಿಗೆ ಪಾಠದ ವಿಡಿಯೊ ತೆರೆದಳು. ಗಂಡನ ಹೊಡೆತ ತಾಳಲಾರದೆ ಓಡಿಬಂದು ಎರಡು ವರ್ಷವಾದರೂ ಅಕ್ಕ ಮುಖ ತೋರಿಸುತ್ತಿರಲಿಲ್ಲ. ಬರೀ ಕೈ, ಕತ್ತರಿ, ನೀಲಿ ಬಟ್ಟೆ. ಆದರೆ ಎಡಗೈಯ ಸೊಟ್ಟ ಹೆಬ್ಬೆರಳು ಭಾವನಿಗೆ ಗುರುತು ಸಿಗದೆ ಇದ್ದೀತೆ? ಮುರಿದವನೇ ಅವನು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅವನಿಗೆ ವಿಡಿಯೊ ಬಗೆದು ವಿಳಾಸ ಹುಡುಕುವುದು ನೀರು ಕುಡಿದಷ್ಟು ಸುಲಭ.

ವಿಡಿಯೊ ಕೆಳಗೆ ಬೆಳಿಗ್ಗೆ ಯಾರೋ ಬರೆದಿದ್ದರು: ‘ಬೆರಳು ಈಗಲೂ ನೋಯುತ್ತಾ?’

ಕೂಡಲೇ ಅಕ್ಕನಿಗೆ ಫೋನ್ ಮಾಡಿದಳು.

“ಅಕ್ಕಾ, ಎಲ್ಲಿದ್ದೀಯ?”

“ಮನೇಲಿ ಕಣೇ. ಯಾಕೆ ಏದುಸಿರು? ನಿಮ್ಮ ಆಫೀಸ್ ಲಿಫ್ಟ್ ಮತ್ತೆ ಮಲಗಿತಾ?”

“ತಮಾಷೆ ಸಾಕು. ಭಾವನಿಗೆ ನಿನ್ನ ಮನೆ ಗೊತ್ತಾಗಿದೆ. ಈಗ್ಲೇ ಹೊರಡು!”

ಅಕ್ಕ ಉತ್ತರಿಸುವ ಮೊದಲೇ ಬಾಗಿಲು ಬಡಿದ ಸದ್ದು ಕೇಳಿಸಿತು.

“ಬಾಗಿಲ ತೂತಲ್ಲಿ ನೋಡ್ದೆ,” ಅಕ್ಕ ಪಿಸುಗುಟ್ಟಿದಳು. “ಅವನೇ.”

“ತೆಗೀಬೇಡ. ಹಿಂದಿನ ಮೆಟ್ಟಿಲಿಳಿದು ಕೆಳಗಿನ ಡಾಕ್ಟರಮ್ಮನ ಹತ್ರ ಓಡು. ಫೋನ್ ಇಡಬೇಡ.”

ಪಕ್ಕದ ಮೇಜಿನವನ ಫೋನ್ ಕಸಿದುಕೊಂಡು ಪೊಲೀಸರಿಗೆ ವಿಳಾಸ ಹೇಳಿದಳು. ಇನ್ನೊಂದು ಕಿವಿಯಲ್ಲಿ ಅಕ್ಕನ ಉಸಿರು, ಬರಿಗಾಲ ಸದ್ದು, ಮೇಲೆ ಬಾಗಿಲ ಮರ ಸೀಳಿದ ಶಬ್ದ. ಆಮೇಲೆ ಏನೂ ಇಲ್ಲ.

“ಅಕ್ಕಾ? ಅಕ್ಕಾ!”

ಇಡೀ ಆಫೀಸು ಎದ್ದು ನಿಂತಿತು.

“ನಾನು ಕೆಳಗಿನ ಮನೆ ಡಾಕ್ಟರ್. ನಿಮ್ಮಕ್ಕ ಇಲ್ಲೇ ಇದ್ದಾರೆ. ಚಿಲಕ ಹಾಕಿದ್ದೀನಿ, ಹೆದರಬೇಡಿ.”

ಹದಿನೈದು ನಿಮಿಷದಲ್ಲಿ ಪೊಲೀಸರು ಅವನನ್ನು ಮೆಟ್ಟಿಲಲ್ಲೇ ಹಿಡಿದರು.

ಸುದ್ದಿ ಕೇಳಿದ್ದೇ ಅವಳು ಮ್ಯಾನೇಜರ್ ಕೋಣೆಗೆ ನುಗ್ಗಿದಳು.

“ಸಾರ್, ಈ ಒಂಬತ್ತು ದಿನದ ವಿಡಿಯೊ ಎಲ್ಲ ನಿಲ್ಲಿಸಬೇಕು.”

“ಎಲ್ಲಾನೂ? ಜನ ಉಗೀತಾರಮ್ಮ.”

“ಉಗೀಲಿ ಸಾರ್. ನಲವತ್ತು ಸಾವಿರ ವಿಡಿಯೊ ಇದೆ. ಅದರಲ್ಲಿ ಇನ್ನೆಷ್ಟು ಜನ ಬಚ್ಚಿಟ್ಕೊಂಡಿದ್ದಾರೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.”

ಅವರು ಅವಳ ಮುಖ ನೋಡಿ ಸರಿ ಎಂದು ತಲೆಯಾಡಿಸಿದರು. ಅವಳು ವಿಡಿಯೊಗಳನ್ನು ನಿಲ್ಲಿಸಿ, ಅವನ್ನು ಹಾಕಿದ್ದ ಪ್ರತಿಯೊಬ್ಬರಿಗೂ ಎಚ್ಚರಿಕೆಯ ಪತ್ರ ಬರೆಯಲು ಕೂತಳು. ಮೊದಲ ಉತ್ತರ ಐದೇ ನಿಮಿಷದಲ್ಲಿ ಬಂತು: ‘ನನ್ನ ವಿಡಿಯೊ ಯಾರ್ಯಾರು ನೋಡಿದ್ದಾರೆ, ದಯವಿಟ್ಟು ಹೇಳಿ.’