ಮುರ್ನಿಯ ಭಾನುವಾರ

ರಜೆ ಕೊಡುವುದಕ್ಕೆ ಬೀಹ್ವಾಳ ತಕರಾರೇನೂ ಇರಲಿಲ್ಲ. ಕೊಟ್ಟ ರಜೆಯನ್ನು ಮುರ್ನಿ ಮನೆಯಲ್ಲೇ, ಕಣ್ಣೆದುರಿಗೇ ಕಳೆಯಲಿ ಎನ್ನುವುದಷ್ಟೇ ಅವಳ ಆಸೆ.

ಮುರ್ನಿ ಜಾವಾದ ಹಳ್ಳಿಯೊಂದರಿಂದ ಸಿಂಗಪುರಕ್ಕೆ ಮನೆಗೆಲಸಕ್ಕೆಂದು ಬಂದವಳು, ವಯಸ್ಸು ಮೂವತ್ತು ದಾಟಿದೆ. ತೊವಾ ಪಾಯೊ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಬೀಹ್ವಾಳ ತಾಯಿಯ ಮಂಚದ ಪಕ್ಕ ನೆಲದ ಮೇಲೆ ಹಾಸಿಗೆ ಬಿಚ್ಚಿ ಮಲಗುತ್ತಿದ್ದಳು. ತಾಯಿಗೆ ಎಂಬತ್ತು ದಾಟಿತ್ತು. ಕಾಲು ಸೋತು ಗಾಲಿಕುರ್ಚಿ ಸೇರಿದ್ದಳು. ನೆನಪು ತನಗೆ ಮನಸ್ಸು ಬಂದಾಗ ಬರುವುದು, ಇಲ್ಲದಿದ್ದರೆ ಇಲ್ಲ. ಹೆತ್ತ ಮಗಳನ್ನೇ ಆಗಾಗ "ನೀವು ಯಾರ ಮನೆಯವರಮ್ಮ?" ಎಂದು ಮರ್ಯಾದೆಯಿಂದ ವಿಚಾರಿಸುವ ಮುದುಕಿ, ಮುರ್ನಿಯ ಹೆಸರನ್ನು ಮಾತ್ರ ಒಂದು ದಿನಕ್ಕೂ ಮರೆತವಳಲ್ಲ. ಮದುವೆಯಾಗದ ಬೀಹ್ವಾ ಹಗಲೆಲ್ಲ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಮನೆಗೆ ಬರುವಷ್ಟರಲ್ಲಿ ಅಮ್ಮನಿಗೆ ಸ್ನಾನ, ಊಟ, ಔಷಧಿ ಎಲ್ಲ ಆಗಿರುತ್ತಿತ್ತು. ಅಮ್ಮನನ್ನು ನೋಡಿಕೊಳ್ಳುತ್ತಿರುವವಳು ತಾನೇ ಎಂದು ಅವಳು ನಂಬಿಕೊಂಡಿದ್ದಳು. ಪಾಪ, ಸುಳ್ಳೇನಲ್ಲ, ಸಂಬಳ ಕೊಡುತ್ತಿದ್ದವಳು ಅವಳೇ.

ಭಾನುವಾರದ ರಜೆಗೆ ಬದಲಾಗಿ ಕೈಗೆ ದುಡ್ಡು ಕೊಟ್ಟರೆ ಮೊದಲೆಲ್ಲ ನಡೆಯುತ್ತಿತ್ತು. ಆಮೇಲೆ ಸರ್ಕಾರ ಹೊಸ ನಿಯಮ ತಂದಿತು. ತಿಂಗಳಿಗೆ ಒಂದು ದಿನವನ್ನಾದರೂ ದುಡ್ಡು ಕೊಟ್ಟು ಕೊಳ್ಳುವಂತಿಲ್ಲ, ರಜೆ ಕೊಡಲೇಬೇಕು. ಬೀಹ್ವಾಳ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು.

ಅದಕ್ಕೆ ಕಾರಣವಿತ್ತು. ಮುರ್ನಿಗಿಂತ ಮೊದಲಿದ್ದ ಹುಡುಗಿ ನಾಲ್ಕಾರು ಭಾನುವಾರ ಹೊರಗೆ ಸುತ್ತಾಡಿ ಬಂದವಳೇ ಒಂದು ದಿನ "ಬೇರೆ ಮನೆ ಸಿಕ್ಕಿದೆ ಮೇಡಂ, ಅಲ್ಲಿ ಅಜ್ಜಿ ಇಲ್ಲ" ಎಂದು ಹೊರಟುಹೋಗಿದ್ದಳು. ಈಗ ಮುರ್ನಿಯ ಕರಾರೂ ಮುಗಿಯುತ್ತ ಬಂದಿತ್ತು. ಇವಳೂ ಕೈಕೊಟ್ಟರೆ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. ಒಮ್ಮೆ ಅಂಥದ್ದೊಂದನ್ನು ನೋಡಿ ಬಂದ ಬೀಹ್ವಾ, ಬಸ್ಸಿನಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತಿದ್ದಳು.

ಹಾಗಾಗಿ ಮೊದಲ ತಿಂಗಳು ಅವಳೊಂದು ಉಪಾಯ ಹೂಡಿದಳು. ಮುರ್ನಿಯ ರಜೆಯ ದಿನ ಎಲ್ಲರೂ ಕೂಡಿ ಈಸ್ಟ್ ಕೋಸ್ಟ್ ಕಡಲತೀರಕ್ಕೆ ಹೋಗುವುದು! ಹೋದರು. ಗಾಲಿಕುರ್ಚಿ ತಳ್ಳಿದವಳು ಮುರ್ನಿ. ಅಮ್ಮನಿಗೆ ಸಿಗಡಿ ಸುಲಿದು ತಿನ್ನಿಸಿದವಳು ಮುರ್ನಿ. ಗಾಳಿಗೆ ಹಾರಿದ ಟೋಪಿಯ ಹಿಂದೆ ಓಡಿದವಳೂ ಅವಳೇ. ಸಂಜೆ ಮನೆಗೆ ಬಂದ ಬೀಹ್ವಾ, ದಾನ ಮಾಡಿದವರ ಮುಖ ಹೊತ್ತು, "ಹೇಗಿತ್ತು ಮುರ್ನಿ, ಚೆನ್ನಾಗಿ ರೆಸ್ಟ್ ಆಯ್ತಾ?" ಎಂದಳು.

"ಆಯ್ತು ಮೇಡಂ," ಎಂದಳು ಮುರ್ನಿ ಪಾತ್ರೆ ತೊಳೆಯುತ್ತ. "ತುಂಬ ಸುಸ್ತಾಗಿದೆ. ನಾಳೆ ಒಂದು ದಿನ ರಜಾ ಕೊಡ್ತೀರಾ?"

ತಮಾಷೆಗೆ ಹೇಳಿದಳೋ ನಿಜಕ್ಕೋ ಬೀಹ್ವಾಳಿಗೆ ತಿಳಿಯಲಿಲ್ಲ. ಎರಡನೇ ತಿಂಗಳು, "ಮನೇಲೇ ಇರು, ಏನೂ ಕೆಲಸ ಮಾಡ್ಬೇಡ, ಕೋಣೇಲಿ ಮಲಕ್ಕೋ," ಎಂದು ನೋಡಿದಳು. ಕೋಣೆ ಅಮ್ಮನದೂ ಹೌದಲ್ಲ! "ಮುರ್ನೀ" ಎಂಬ ಕೂಗು ಬೆಳಗಿನಿಂದ ಸಂಜೆಯವರೆಗೆ ನಿಲ್ಲಲಿಲ್ಲ.

ಮೂರನೇ ತಿಂಗಳು ಮುರ್ನಿ ತಾನಾಗಿಯೇ ಬಂದು ನಿಂತಳು. "ಈ ಭಾನುವಾರ ಹೊರಗೆ ಹೋಗ್ತೀನಿ ಮೇಡಂ. ಗೆಳತಿಯರು ಕರೆದಿದ್ದಾರೆ."

"ಎಲ್ಲಿಗೆ?"

"ಪಾರ್ಕಿಗೆ."

"ಪಾರ್ಕಲ್ಲಿ ಏನ್ಮಾಡ್ತೀರಾ ಇಡೀ ದಿನ?"

ಮುರ್ನಿ ನಕ್ಕು ಅಡುಗೆಮನೆಗೆ ಹೋದಳು. ಆ ನಗು ಭಾನುವಾರದವರೆಗೂ ಬೀಹ್ವಾಳ ತಲೆಯಿಂದ ಇಳಿಯಲಿಲ್ಲ.

ಭಾನುವಾರ ಬೆಳಗ್ಗೆ ಗಂಜಿ ಕಾಯಿಸಿಟ್ಟು, ಅಮ್ಮನ ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿಕೊಂಡು ಮುರ್ನಿ ಹೊರಟಳು. ಹೆಗಲಿಗೆ ಒಂದು ಚೀಲ. ಚೀಲವೆಂದರೆ ಎಂಥ ಚೀಲ! ಉಬ್ಬಿ ಉಬ್ಬಿ ಹೊಲಿಗೆ ಬಿಚ್ಚುವಂತಿತ್ತು. ಲಿಫ್ಟಿನ ಬಳಿ ಅದನ್ನು ಕಂಡ ಪಕ್ಕದ ಮನೆಯ ಕ್ವೆಕ್ ಆಂಟಿ ಚಪ್ಪಲಿ ಸದ್ದು ಮಾಡುತ್ತ ಓಡಿಬಂದಳು.

"ಬೀಹ್ವಾ, ಏನೇ ಅದು, ನಿಮ್ಮವಳು ಗಂಟುಮೂಟೆ ಕಟ್ಟಿಕೊಂಡು ಹೊರಟಳಲ್ಲ!"

"ಪಾರ್ಕಿಗೆ ಹೋಗ್ತಿದ್ದಾಳೆ ಆಂಟಿ."

"ಪಾರ್ಕಿಗೆ ಹೋಗೋರು ಮನೆ ಖಾಲಿ ಮಾಡೋ ಹಾಗೆ ಹೋಗ್ತಾರೇನೇ? ಲಿಪ್‌ಸ್ಟಿಕ್ ಬೇರೆ! ಯಾವನೋ ಕಾಯ್ತಿರ್ತಾನೆ. ಇಲ್ಲಾಂದ್ರೆ ಹೊಸ ಮನೆ ನೋಡಿರ್ತಾಳೆ. ವಾಪಸ್ ಬರೋ ಲಕ್ಷಣ ಅಲ್ಲ ಕಣೇ ಇದು."

"ಆಂಟಿ, ಒಂದು ಗಂಟೆ ಅಮ್ಮನ್ನ ನೋಡ್ಕೋತೀರಾ? ನಾನು ಹಿಂದೇನೇ ಹೋಗಿ ನೋಡ್ಬರ್ತೀನಿ."

"ಅಯ್ಯೋ ನನ್ನ ಸೊಂಟ!" ಎನ್ನುತ್ತ ಕ್ವೆಕ್ ಆಂಟಿ ಬಂದದ್ದಕ್ಕಿಂತ ಬೇಗ ಮಾಯವಾದಳು. ಊರಿನ ಚಿಂತೆ ಹೊರುವ ಸೊಂಟಕ್ಕೆ ಮುದುಕಿಯೊಬ್ಬಳ ಭಾರ ತಡೆಯುವುದಿಲ್ಲ.

ಬೀಹ್ವಾ ಯೋಚಿಸಲಿಲ್ಲ. ಯೋಚಿಸಿದ್ದರೆ ಹೋಗುತ್ತಲೇ ಇರಲಿಲ್ಲ. ಅಮ್ಮನ ಕಾಲಿಗೆ ಬೂಟು ತುರುಕಿ, ಹೂವಿನ ಚಿತ್ರದ ಕೊಡೆಯನ್ನು ಗಾಲಿಕುರ್ಚಿಯ ಹಿಡಿಗೆ ಸಿಕ್ಕಿಸಿ, ಹೊರಟೇಬಿಟ್ಟಳು. ಬೇಹುಗಾರಿಕೆಗೆ ಗಾಲಿಕುರ್ಚಿ ತಳ್ಳಿಕೊಂಡು ಹೋದವರು ಆ ಊರಿನಲ್ಲಿ ಅವಳೊಬ್ಬಳೇ ಇರಬೇಕು.

ಸ್ಟೇಷನ್ನಿನಲ್ಲಿ ಮುರ್ನಿ ಎಸ್ಕಲೇಟರಿನಲ್ಲಿ ಜರ್ರನೆ ಇಳಿದುಹೋದರೆ, ಇವರು ಲಿಫ್ಟಿಗೆ ಕಾಯಬೇಕು. ಆದರೂ ಪುಣ್ಯಕ್ಕೆ ಅದೇ ರೈಲು ಸಿಕ್ಕಿತು, ಹಿಂದಿನ ಡಬ್ಬಿ. ಬಿಶಾನಿನಲ್ಲಿ ರೈಲು ಬದಲಿಸುವಾಗ ಜನರ ನಡುವೆ ಆ ದೊಡ್ಡ ಚೀಲವೇ ಅವಳಿಗೆ ಬಾವುಟವಾಯಿತು. ಅಮ್ಮನೋ, ಇದಾವುದರ ಗೊಡವೆಯೂ ಇಲ್ಲದೆ ಆನಂದವಾಗಿದ್ದಳು. ಆಸ್ಪತ್ರೆಗಲ್ಲದೆ ಅವಳನ್ನು ಮಗಳೊಬ್ಬಳೇ ಹೊರಗೆ ಕರೆದುಕೊಂಡು ಬಂದು ಯಾವ ಕಾಲವಾಗಿತ್ತೋ. ಎದುರು ಕೂತಿದ್ದ ಮಗುವಿಗೆ ನಾಲಿಗೆ ಚಾಚಿದಳು. ಮಗುವೂ ಚಾಚಿತು. ಇಬ್ಬರೂ ಸ್ಟೇಷನ್ ಬರುವ ತನಕ ಹಾಗೇ ಮಾತಾಡಿಕೊಂಡರು.

"ಮುರ್ನಿ ಎಲ್ಲಿ?" ಎಂದು ಅಮ್ಮ ಇದ್ದಕ್ಕಿದ್ದಂತೆ ಕೂಗಿದಳು.

"ಶ್! ಬರ್ತಾಳಮ್ಮ, ಕೂಗ್ಬೇಡ," ಎಂದು ಬೀಹ್ವಾ ಅಮ್ಮನ ಹಿಂದೆ ಬಗ್ಗಿ ಅವಿತಳು. ಪಕ್ಕದಲ್ಲಿದ್ದ ಹುಡುಗ ಎದ್ದು ತನ್ನ ಸೀಟು ಬಿಟ್ಟುಕೊಟ್ಟ. ಅವಳಿಗೆ ತಲೆ ಸುತ್ತುತ್ತಿದೆಯೆಂದು ತಿಳಿದಿರಬೇಕು.

ಮುರ್ನಿ ಇಳಿದದ್ದು ಬೊಟಾನಿಕ್ ಗಾರ್ಡನ್ಸಿನಲ್ಲಿ. ತೋಟದೊಳಗೆ ಇಳಿಜಾರಿನ ಹುಲ್ಲಿನ ಮೇಲೆ ಅವಳಂಥವರೇ ಮೂವರು ಹೆಂಗಸರು ಡಬ್ಬಿ ಬಿಚ್ಚಿಕೊಂಡು ಕಾಯುತ್ತಿದ್ದರು. ಬೀಹ್ವಾ ದೊಡ್ಡ ಮರವೊಂದರ ಹಿಂದೆ ಕುರ್ಚಿ ನಿಲ್ಲಿಸಿದಳು. ಈಗ ಚೀಲದ ಗುಟ್ಟು ಹೊರಬೀಳುತ್ತದೆ!

ಮುರ್ನಿ ಚೀಲದ ಜಿಪ್ಪು ಎಳೆದಳು. ಒಳಗಿನಿಂದ ಸುರುಳಿ ಸುತ್ತಿದ ಒಂದು ಚಾಪೆ ಬಂತು. ಅದರ ಹಿಂದೆಯೇ ದಿಂಬೊಂದು ಬಂತು. ಅಷ್ಟೇ. ಚಾಪೆ ಹಾಸಿ, ದಿಂಬಿಗೆ ತಲೆ ಕೊಟ್ಟು, ತಲೆವಸ್ತ್ರದ ಅಂಚನ್ನು ಕಣ್ಣಮೇಲೆ ಎಳೆದುಕೊಂಡು ಮಲಗಿದಳು. ಗೆಳತಿಯರು ಅವಳ ಆಚೀಚೆ ಕೂತು ಅನ್ನ ತಿನ್ನುತ್ತ, ಫೋನಿನಲ್ಲಿ ಹಾಡು ಹಾಕಿ ಹರಟುತ್ತಿದ್ದರು. ಅವಳಿಗೆ ಅದೊಂದೂ ಬೇಡ.

ಬರುವವನು ಬರಲಿ ಎಂದು ಬೀಹ್ವಾ ಕಾದಳು. ಯಾರೂ ಬರಲಿಲ್ಲ. ಮತ್ತೂ ಕಾದಳು. ಗೆಳತಿಯೊಬ್ಬಳು ಡಬ್ಬಿ ತೋರಿಸಿ ಮುರ್ನಿಯ ಭುಜ ಅಲುಗಿಸಿದಳು. ಮುರ್ನಿ ಕಣ್ಣು ಬಿಡದೆ ಕೈಯಾಡಿಸಿ ಮಗ್ಗುಲು ಬದಲಿಸಿದಳು. ಬಾಯಿ ತುಸು ತೆರೆದಿತ್ತು. ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ಮುರ್ನಿ ನಿದ್ದೆ ಮಾಡುವುದನ್ನು ತಾನು ಒಮ್ಮೆಯೂ ನೋಡಿಲ್ಲವೆಂದು ಬೀಹ್ವಾಳಿಗೆ ಆಗ ಹೊಳೆಯಿತು.

ಅಮ್ಮ ರಾತ್ರಿ ಏಳುತ್ತಾಳೆಂದು ಗೊತ್ತಿತ್ತು. ನೀರು ಕೇಳುತ್ತಾಳೆ, ಕಕ್ಕಸಿಗೆ ಕೇಳುತ್ತಾಳೆ, ಏನೂ ಬೇಡದಿದ್ದರೂ ಕೂಗುತ್ತಾಳೆ. ಎಷ್ಟು ಸಲ ಎಂದು ಮಾತ್ರ ಗೊತ್ತಿರಲಿಲ್ಲ, ಯಾಕೆಂದರೆ ಬೀಹ್ವಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಅವಳಿಗೆ ತುಂಬ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ, ಹೇಳಿದರೆ ನಗಬೇಡಿ, ಸಮಾಧಾನವೂ ಆಯಿತು. ಹೊಸ ಮನೆಯೂ ಇಲ್ಲ, ಯಾವನೂ ಇಲ್ಲ, ಬರೀ ನಿದ್ದೆ!

"ಹ್ವಾ, ಕೋತಿಗಳೆಲ್ಲಿ?"

ಬೀಹ್ವಾ ಬೆಚ್ಚಿ ತಿರುಗಿದಳು. ಅಮ್ಮ ಅವಳ ಹೆಸರು ಹಿಡಿದು ಕರೆದಿದ್ದಳು.

"ಯಾವ ಕೋತಿ ಅಮ್ಮ?"

"ಇಲ್ಲೇ ಇರ್ತಿದ್ವಲ್ಲ, ಮರದ ತುಂಬ. ನೀನು ಕಡಲೆಕಾಯಿ ಕೊಡ್ತೀನಿ ಅಂತ ಹಟ ಮಾಡಿ, ಅದು ಹತ್ರ ಬಂದಾಗ ನನ್ನ ಕುತ್ತಿಗೆಗೆ ಜೋತುಬಿದ್ದೆಯಲ್ಲ. ಅಂಜುಬುರುಕಿ."

ಹೌದು, ಒಂದು ಕಾಲದಲ್ಲಿ ಈ ತೋಟದ ತುಂಬ ಕೋತಿಗಳಿದ್ದವು. ಅವು ಹೋಗಿ ಅರ್ಧ ಶತಮಾನವಾಗಿರಬೇಕು. ಅಮ್ಮನ ಬೆವರಿದ ಕುತ್ತಿಗೆ, ಪೌಡರಿನ ವಾಸನೆ, ಕೈಯಲ್ಲಿ ಹಿಸುಕಿಹೋದ ಕಡಲೆಕಾಯಿ, ಎಲ್ಲವೂ ಬೀಹ್ವಾಳಿಗೆ ಒಟ್ಟಿಗೇ ನೆನಪಾಗಿ ಕಣ್ಣು ತುಂಬಿತು. "ಹೂಂ ಅಮ್ಮ, ನಾನು ಈಗಲೂ ಅಂಜುಬುರುಕಿನೇ," ಎಂದಳು.

ಅಷ್ಟರಲ್ಲಿ ಅಮ್ಮನ ಕಣ್ಣು ಇಳಿಜಾರಿನತ್ತ ಹೋಯಿತು. ಕತ್ತು ಚಾಚಿದಳು. ಗುರುತು ಹಿಡಿದಳು. ಎರಡು ಕೈಯನ್ನೂ ಕುರ್ಚಿಗೆ ಊರಿ, ಎದೆ ತುಂಬ ಉಸಿರು ಎಳೆದುಕೊಂಡಳು. ಆ ಕೂಗು ಬೀಹ್ವಾಳಿಗೆ ಚೆನ್ನಾಗಿ ಗೊತ್ತು, ನಾಲ್ಕು ಮಹಡಿಗೆ ಕೇಳುವಂಥದ್ದು. ಈಗ ಕೂಗಿದರೆ ಮುರ್ನಿ ಎದ್ದು ಓಡಿಬರುತ್ತಾಳೆ. ಬಂದು ಕುರ್ಚಿಯ ಹಿಡಿ ಹಿಡಿಯುತ್ತಾಳೆ. ಮೇಡಂ ತನ್ನ ಹಿಂದೆ ಕಳ್ಳಹೆಜ್ಜೆಯಲ್ಲಿ ಬಂದದ್ದು ಗೊತ್ತಾಗುತ್ತದೆ. ಆಮೇಲೆ ಅವಳು ಈ ಮನೆಯಲ್ಲಿ ಯಾಕಾದರೂ ಇರುತ್ತಾಳೆ?

"ಅಮ್ಮ, ಬೇಡ," ಎಂದು ಬೀಹ್ವಾ ಗೋಗರೆದಳು.

ಅಮ್ಮ ಮಗಳ ಕಡೆ ತಿರುಗಿದಳು. ಸೊಟ್ಟ ಬೆರಳನ್ನು ತುಟಿಯ ಮೇಲಿಟ್ಟು, "ಶ್! ಮಗು ಮಲಗಿದೆ. ಸದ್ದು ಮಾಡ್ಬೇಡ್ವೇ," ಎಂದು ಗದರಿದಳು. ಆಮೇಲೆ ಬೆರಳನ್ನು ಇಳಿಜಾರಿನತ್ತ ತೋರಿಸಿದಳು. "ಮುಖದ ಮೇಲೆ ಬಿಸಿಲು ಬೀಳ್ತಿದೆ, ಕಾಣಲ್ವಾ ನಿಂಗೆ?"

ನಿಜ, ನೆರಳು ಸರಿದುಹೋಗಿತ್ತು. ಗೆಳತಿಯರು ಮೂವರೂ ಯಾರದೋ ಫೋನಿನ ಮೇಲೆ ಬಾಗಿ ನಗುತ್ತಿದ್ದರು. ಸುಮ್ಮನೆ ಅಮ್ಮನನ್ನು ತಳ್ಳಿಕೊಂಡು ಮನೆಗೆ ಹೋಗಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಬೀಹ್ವಾ ಗಾಲಿಕುರ್ಚಿಗೆ ಬ್ರೇಕು ಹಾಕಿ, ಕೊಡೆ ತೆಗೆದುಕೊಂಡು ಹುಲ್ಲಿನ ಮೇಲೆ ನಡೆದಳು. ಗೆಳತಿಯರು ತಲೆಯೆತ್ತಿ ದಂಗಾದರು. ಅವಳೂ ಅಮ್ಮನ ಹಾಗೇ ತುಟಿಯ ಮೇಲೆ ಬೆರಳಿಟ್ಟಳು. ಕೊಡೆ ಬಿಚ್ಚಿ, ಮುರ್ನಿಯ ಮುಖಕ್ಕೆ ಮರೆಯಾಗುವಂತೆ ಖಾಲಿ ಚೀಲಕ್ಕೆ ಒರಗಿಸಿ ನಿಲ್ಲಿಸಿ, ಹಿಂದೆ ನೋಡದೆ ಬಂದಳು.

ಮಧ್ಯಾಹ್ನ ಮನೆ ಹತ್ತಿರದ ಹೋಟೆಲಿನಲ್ಲಿ ಅಮ್ಮನಿಗೆ ಮೀನಿನ ಗಂಜಿ ತಿನ್ನಿಸಿದಳು. ಅರ್ಧ ಅಮ್ಮನ ಅಂಗಿಗೆ ಹೋಯಿತು, ಕಾಲು ಭಾಗ ಇವಳ ಅಂಗಿಗೆ. ಉಳಿದದ್ದು ಹೊಟ್ಟೆಗೆ ಹೋಯಿತು. ಮನೆಗೆ ಬಂದು ಸ್ನಾನ ಮಾಡಿಸುವಾಗ ಇಬ್ಬರೂ ತೊಯ್ದು ತೊಪ್ಪೆಯಾದರು. ಸಂಜೆಯ ಹೊತ್ತಿಗೆ ಬೀಹ್ವಾಳ ಸೊಂಟ ಕ್ವೆಕ್ ಆಂಟಿಯ ಸೊಂಟವಾಗಿತ್ತು.

ಕತ್ತಲಾಗುವ ಮೊದಲೇ ಬಾಗಿಲ ಸದ್ದಾಯಿತು. ಬೀಹ್ವಾ ಅಡುಗೆಮನೆಯಲ್ಲಿ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತ ನಿಂತಳು. ಮುರ್ನಿ ಚೀಲ ಇಳಿಸಿ, ಕೊಡೆಯನ್ನು ಗಾಲಿಕುರ್ಚಿಯ ಹಿಡಿಗೆ ಸಿಕ್ಕಿಸಿದಳು.

"ಪಾರ್ಕಲ್ಲಿ ಒಂದು ಕೊಡೆ ಸಿಕ್ತು ಮೇಡಂ. ನಮ್ಮದರ ಹಾಗೇ ಇದೆ."

"ಇಂಥ ಕೊಡೆ ಅಂಗಡೀಲಿ ರಾಶಿ ರಾಶಿ ಸಿಗತ್ತೆ."

"ಕೆಂಪು ರಿಬ್ಬನ್ ಕಟ್ಟಿದೆ. ಇದು ನಾನೇ ಕಟ್ಟಿದ್ದು."

ಬೀಹ್ವಾ ತಟ್ಟೆ ಕೆಳಗಿಟ್ಟಳು. "ತಪ್ಪಾಯ್ತು ಮುರ್ನಿ. ನೀನು ವಾಪಸ್ ಬರಲ್ಲ ಅಂತ ಹೆದರಿಬಿಟ್ಟೆ."

ಮುರ್ನಿ ಆ ತಟ್ಟೆಯನ್ನು ಎತ್ತಿ ಅದರ ಜಾಗಕ್ಕೆ ಸೇರಿಸಿದಳು. "ಹಿಂದೆ ಬಂದದ್ದು ನಂಗೆ ಬೇಜಾರಾಯ್ತು ಮೇಡಂ," ಎಂದಳು. "ಕೊಡೆ ಬಿಟ್ಟುಹೋದದ್ದು ಖುಷಿ ಆಯ್ತು. ಬೇರೆ ಮನೆ ನನಗೆ ಬೇಡ. ನಿದ್ದೆ ಬೇಕು, ಅಷ್ಟೇ."

"ಇನ್ಮೇಲೆ ಒಂದು ದಿನ ಬಿಟ್ಟು ಒಂದು ದಿನ ಅಮ್ಮನ ಹತ್ರ ನಾನು ಮಲಗ್ತೀನಿ, ನೀನು ನನ್ನ ಕೋಣೇಲಿ ಮಲಕ್ಕೋ. ಭಾನುವಾರ ಎಲ್ಲಾನೂ ನಿಂದೇ."

"ನಿಮ್ಮ ಕೈಲಾಗತ್ತಾ ಮೇಡಂ?" ಮುರ್ನಿ ಅವಳ ಅಂಗಿಯ ಮೇಲಿನ ಗಂಜಿಯ ಕಲೆ ನೋಡಿ ನಕ್ಕಳು.

"ಆಗಲ್ಲ," ಎಂದಳು ಬೀಹ್ವಾ. "ಕಲೀತೀನಿ."

ಮುಂದಿನ ಭಾನುವಾರ ಬೆಳಗ್ಗೆ ನೋಡಿದರೆ ಅಮ್ಮ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕಾಯುತ್ತಿದ್ದಳು. ಅಭ್ಯಾಸಬಲದಿಂದ ಮುರ್ನಿ ಓಡಿಬಂದು ಬೂಟು ತೊಡಿಸಲು ಬಗ್ಗಿದಳು. ಅಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

"ನೀನು ಬೇಡ, ಹೋಗಿ ಮಲಕ್ಕೋ," ಎಂದಳು. "ಹ್ವಾ, ಬಾರೇ. ಕೋತಿ ನೋಡೋಕೆ ಹೊತ್ತಾಯ್ತು."