ಬತ್ತಿದ ಬಾವಿಯ ಮೀನು

ನಮ್ಮಜ್ಜಿ ಚನ್ನಬಸಮ್ಮ ಅರವತ್ತು ವರ್ಷ ಕಳಲೆಯ ನಮ್ಮ ಮನೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಕೂತೇ ಲಿಂಗಪೂಜೆ ಮಾಡಿದವಳು. ಅದಾಗುವವರೆಗೆ ಗುಟುಕು ಕಾಫಿಯನ್ನೂ ಕುಡಿಯಳು. ಎರಡು ವರ್ಷದಿಂದ ಮಂಡಿ ಮಡಚಲಾಗದೆ ಮಂಚದ ಮೇಲೆ ಕಾಲು ಚಾಚಿಕೊಂಡು ಪೂಜೆ ಮಾಡುತ್ತಿದ್ದಳು. ಮುಗಿದ ಮೇಲೆ ತಪ್ಪಾಯಿತೆಂದು ದಿನವೂ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಕುರ್ಚಿ ತಂದಿಟ್ಟರೆ, ಕೂರುವುದು ಪೂಜೆಗೋ ಪಂಚಾಯ್ತಿಗೋ ಎಂದು ಮುಖ ತಿರುಗಿಸುತ್ತಿದ್ದಳು. ಆಪರೇಷನ್ ಮಾಡಿ ಮಂಡಿ ಬದಲಾಯಿಸಿದರೂ ನೆಲದಲ್ಲಿ ಕೂರುವಂತಿಲ್ಲ ಎಂದು ಯಾರೋ ಹೇಳಿದ್ದರಿಂದ ಅದೂ ಬೇಡವೆಂದಿದ್ದಳು.

ನಾನು ಪಾಠ ಮಾಡುವ ಶಾಲೆ ತಿ. ನರಸೀಪುರದಲ್ಲಿದೆ. ಒಂದು ಬೆಳಗ್ಗೆ ಬಸ್ಸಿನಲ್ಲಿ ಫೋನು ನೋಡುತ್ತಾ ಕಾಂಡಕೋಶ ಚಿಕಿತ್ಸೆಯ ಬಗ್ಗೆ ಓದಿದೆ. ಸೊಂಟದ ಮೂಳೆಯೊಳಗಿನ ಮಜ್ಜೆಯನ್ನು ಸೂಜಿಯಲ್ಲಿ ಎಳೆದು, ಅದರ ಕೋಶಗಳನ್ನು ಸವೆದ ಮಂಡಿಗೆ ಚುಚ್ಚುತ್ತಾರಂತೆ. ಕೊಯ್ಯುವುದಿಲ್ಲ. ಓದುತ್ತಿದ್ದಂತೆ, ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದ್ದ ಕತೆಯೊಂದು ನೆನಪಾಯಿತು. ಮೇಲಿನ ಕೆರೆಯ ಪುಟ್ಟ ಮೀನು ಬತ್ತಿದ ಬಾವಿಗಿಳಿದು, ತಳದ ಕೆಸರು ಕುಕ್ಕಿ ಕುಕ್ಕಿ ನೀರಿನ ಊಟೆ ಚಿಮ್ಮಿಸಿದ ಕತೆ.

ಅಜ್ಜಿಯನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಸಿದ್ಧಾರ್ಥ ಏನನ್ನೂ ಮುಚ್ಚಿಡಲಿಲ್ಲ. ನೋವು ತಗ್ಗಬಹುದು, ತಗ್ಗದೆಯೂ ಇರಬಹುದು. ಸವೆದದ್ದು ಮತ್ತೆ ಬೆಳೆಯುತ್ತದೆಂದು ಯಾರೂ ಖಾತ್ರಿ ಕೊಡಲಾರರು. ಇದಿನ್ನೂ ಅಧ್ಯಯನದ ಹಂತದಲ್ಲಿದೆ ಎಂದರು. ಕೊನೆಗೆ, "ನೆಲದ ಮೇಲೆ ಕೂರೋ ಆಸೆ ಮಾತ್ರ ಇಟ್ಕೋಬೇಡಿ" ಎಂದರು. ಆಗ ಅಜ್ಜಿ ಪರದೆಯ ಆಚೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು.

ವಾಪಸು ಬರುವಾಗ, ನಂಜನಗೂಡಿನ ಸೇತುವೆಯ ಮೇಲೆ, ಡಾಕ್ಟರು ಏನಂದರೆಂದು ಕೇಳಿದಳು. ಕಪಿಲೆ ತುಂಬಿ ಹರಿಯುತ್ತಿತ್ತು. ನಾನು ಅವಳ ಕತೆಯನ್ನೇ ಅವಳಿಗೆ ಹೇಳಿದೆ. ಸೊಂಟದ ಕೆರೆಯಿಂದ ಮೀನು ಮಂಡಿಯ ಬಾವಿಗೆ ಬರುತ್ತದೆ, ಆಮೇಲೆ ನೆಲದಲ್ಲಿ ಕೂರಬಹುದು ಎಂದೆ. ಅಜ್ಜಿ ನದಿಯತ್ತ ನೋಡಿದಳು. ಮಾಡಿಸೋಣ ಎಂದಳು.

ಚುಚ್ಚಿಸಿಕೊಂಡು ಮೂರು ತಿಂಗಳಾಯಿತು. ನೋವು ಅರ್ಧಕ್ಕರ್ಧ ಇಳಿಯಿತು. ಕೋಲಿಲ್ಲದೆ ಹಿತ್ತಲಿಗೆ ಹೋಗಿ ತಾನೇ ಬಿಲ್ವಪತ್ರೆ ಕಿತ್ತು ತರುವಂತಾದಳು. ಒಂದು ಸೋಮವಾರ ಮಿಂದು ಬಂದು ಚಾಪೆ ಹಾಸಿದಳು. ಗೋಡೆ ಹಿಡಿದು ನಿಧಾನಕ್ಕೆ ಬಗ್ಗಿದಳು. ಮಂಡಿ ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಬಗ್ಗಿದಳು. ಮೂರನೆಯ ಸಲ ನಾನೇ ಓಡಿಹೋಗಿ ತೋಳು ಹಿಡಿದುಕೊಂಡೆ. ನೆಲದಲ್ಲಿ ಕೂರಲಾಗದೆಂದು ಡಾಕ್ಟರು ಹೇಳಿದ್ದನ್ನು ಮುಚ್ಚಿಟ್ಟು ಸುಳ್ಳು ಹೇಳಿದ್ದೆನೆಂದು ಆಗ ಒಪ್ಪಿಕೊಂಡೆ.

"ಗೊತ್ತು ಕಣವ್ವ. ಪರದೆ ಅಂದ್ರೆ ಗೋಡೆನಾ? ಎಲ್ಲಾ ಕೇಳ್ತು."

"ಮತ್ಯಾಕಜ್ಜಿ ಒಪ್ಕೊಂಡೆ?"

"ನಾ ಏಳಿದ್ ಕತೇನೆಲ್ಲಾ ನೀನು ಯಾಕೆ ಎತ್ತ ಅಂತ ಕೇಳ್ದೆ ನಂಬ್ತಿದ್ದೆ. ನೀ ಏಳಿದ್ದು ಒಂದೇ ಒಂದು. ಅದ್ನೂ ನಂಬ್ದಿದ್ರೆ ಎಂಗೆ?" ಉಸಿರು ಎಳೆದುಕೊಂಡಳು. "ಮೀನೂ ಬಂತು ಬುಡು, ನೋವು ತಿನ್ಕತು. ನೀರು ಬರ್ನಿಲ್ಲ, ಅಷ್ಟೆ."

ಗೋಡೆ ಹಿಡಿದು ಮೆಲ್ಲಗೆ ನೆಟ್ಟಗಾದಳು. ಕೊರಳಿನ ಬೆಳ್ಳಿ ಕರಡಿಗೆಯೊಳಗೆ ಲಿಂಗ ಪೂಜೆಗೆ ಕಾದಿತ್ತು. ಹೊತ್ತು ಏರಿತ್ತು, ಅವಳ ಹೊಟ್ಟೆ ಖಾಲಿ.

"ಆ ಕುರ್ಚಿ ತೊಳ್ಕಂಡು ಬಾ. ಇಬೂತಿ ಅಚ್ಚು ಅದಕ್ಕೆ."

ನೀಲಿ ಪ್ಲಾಸ್ಟಿಕ್ ಕುರ್ಚಿಯನ್ನು ಬಾವಿಕಟ್ಟೆಯಲ್ಲಿ ತೊಳೆದು, ಒರಗುವ ಜಾಗಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದೆ. ಅಜ್ಜಿ ಕೂತು, ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ಅಂಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು, ಯಾವಾಗಲೂ ನಿಲ್ಲುತ್ತಿದ್ದಲ್ಲೇ.

ಪೂಜೆ ಮುಗಿಯಿತು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅದು ಕೆನ್ನೆಗೆ ಹೋಗಲಿಲ್ಲ.

ಕಾಫಿ ಕೇಳಿದಳು.